‘ನಿನಗೇನು ಕಮ್ಮಿಯಾಗಿದೆ?’ ಅಂತ ಕೇಳುವ ಮುಂಚೆ

ಅಮ್ಮಾ, ನಮಸ್ಕಾರ.

ನಿಮ್ಮ ಕಾಗದ ಬಂದು ಹತ್ತು ದಿನವಾಯಿತು. ಮೂರು ಸಲ ಓದಿದೆ. ಹೆಸರು, ಊರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ಆದರೆ ಓದುವ ಬೇರೆಯವರಿಗೂ ವಿಷಯ ಗೊತ್ತಾಗಬೇಕಲ್ವಾ? ಅದಕ್ಕೆ ನೀವು ಬರೆದದ್ದನ್ನು ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ.

ಹೋದ ತಿಂಗಳು ನಾವು ದೀಪಿಕಾ ಪಡುಕೋಣೆ ಅವರ ಬಗ್ಗೆ ಒಂದು ಲೇಖನ ಹಾಕಿದ್ದೆವು. ಮಕ್ಕಳ ಮಾನಸಿಕ ಆರೋಗ್ಯಕ್ಕಾಗಿ ಅವರು ಮಾಡುತ್ತಿರುವ ಕೆಲಸದ ಲೇಖನ ಅದು. ಓದಿ ನಿಮಗೆ ಸಿಟ್ಟು ಬಂದಿದೆ. “ಕೋಟಿಗಟ್ಟಲೆ ಸಂಪಾದಿಸುವವರಿಗೆ ಏನು ಕಮ್ಮಿಯಾಗಿತ್ತು? ಇದೆಲ್ಲ ದುಡ್ಡಿದ್ದವರ ಕಾಯಿಲೆ. ನಮ್ಮ ಕಾಲದಲ್ಲಿ ಇದ್ಯಾವುದೂ ಇರಲಿಲ್ಲ. ಇಲ್ಲದ್ದನ್ನು ನೀವು ಮಕ್ಕಳ ತಲೆಗೆ ತುಂಬುತ್ತಿದ್ದೀರಿ” ಅಂದಿದ್ದೀರಿ. ಆಮೇಲೆ ನಿಮ್ಮ ಮಗಳ ವಿಷಯ. ಒಂಬತ್ತನೇ ಕ್ಲಾಸು. ಎರಡು ತಿಂಗಳಿಂದ ದಿನಾ ಬೆಳಿಗ್ಗೆ ಹೊಟ್ಟೆನೋವು ಅನ್ನುತ್ತಾಳೆ. ಸ್ಕ್ಯಾನ್ ಮಾಡಿಸಿದ್ದೀರಿ, ನಾರ್ಮಲ್. ಶಾಲೆಯ ಟೀಚರ್ ಒಬ್ಬರು ಕೌನ್ಸೆಲಿಂಗ್‌ಗೆ ಕರೆದುಕೊಂಡು ಹೋಗಿ ಅಂದಾಗ ನಿಮಗೆ ಅವಮಾನವಾಗಿದೆ. ಮನೆಗೆ ಬಂದು ಮಗಳನ್ನು ಕೇಳಿದ್ದೀರಿ, “ನಿನಗೇನೇ ಕಮ್ಮಿ ಮಾಡಿದೀವಿ?” ಅಂತ. ಅವಳು ಏನೂ ಹೇಳಲಿಲ್ಲ.

ಅಮ್ಮಾ, ಈ ಪ್ರಶ್ನೆ ನಾನೂ ಕೇಳಿದ್ದೇನೆ, ನಮ್ಮ ಮನೆಯಲ್ಲೇ. ಅದಕ್ಕೇ ಈ ಉತ್ತರ ಉದ್ದವಾಗುತ್ತಿದೆ.

ಮೊದಲು ದೀಪಿಕಾ ವಿಷಯ. ಅವರಿಗೆ ಏನೂ ಕಮ್ಮಿ ಇರಲಿಲ್ಲ ಅನ್ನುವುದು ನಿಜ. 2013ರಲ್ಲಿ ಅವರ ನಾಲ್ಕು ಸಿನಿಮಾಗಳು ಒಂದರ ಹಿಂದೆ ಒಂದು ಗೆದ್ದಿದ್ದವು. 2014ರ ಫೆಬ್ರುವರಿಯಲ್ಲಿ ಒಂದು ಬೆಳಿಗ್ಗೆ ಎದ್ದಾಗ ಹೊಟ್ಟೆಯಲ್ಲಿ ಏನೋ ಖಾಲಿ ಖಾಲಿ ಅನ್ನಿಸಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಹೊಟ್ಟೆಯಲ್ಲಿ ಅನ್ನುವುದನ್ನು ಗಮನಿಸಿ. ಅಲ್ಲಿಂದ ಮುಂದೆ ಹಾಸಿಗೆಯಿಂದ ಏಳುವುದೇ ಕಷ್ಟ. ಕಾರಣವಿಲ್ಲದೆ ಅಳು. ಆದರೂ ಕೆಲಸಕ್ಕೆ ಹೋಗುತ್ತಿದ್ದರು. ಅಪ್ಪ ಅಮ್ಮ ಬೆಂಗಳೂರಿನಿಂದ ಮುಂಬೈಗೆ ಬಂದಾಗ ಚೆನ್ನಾಗಿರುವ ಹಾಗೆ ತೋರಿಸಿಕೊಳ್ಳುತ್ತಿದ್ದರು.

ಹಾಗೊಂದು ಸಲ ಬಂದವರು ವಾಪಸ್ ಹೊರಟಾಗ ಮಗಳು ತಡೆಯಲಾರದೆ ಅತ್ತುಬಿಟ್ಟರು. ತಾಯಿ ಉಜ್ಜಲಾ ಅವರು ಎಲ್ಲ ತಾಯಂದಿರ ಹಾಗೆ ಒಂದೊಂದೇ ಕೇಳಿದರು. ಕೆಲಸದಲ್ಲಿ ತೊಂದರೆಯಾ? ಗೆಳೆಯನ ಜೊತೆ ಏನಾದರೂ ಆಯಿತಾ? ಮಗಳ ಹತ್ತಿರ ಯಾವುದಕ್ಕೂ ಉತ್ತರವಿರಲಿಲ್ಲ.

ನಾನು ನಿಮಗೆ ಹೇಳಬೇಕೆಂದಿರುವುದು ಇಷ್ಟೇ. ಆ ತಾಯಿ “ಕಾರಣವೇ ಇಲ್ಲ ಅಂದ ಮೇಲೆ ಯಾಕೆ ಅಳ್ತೀಯಾ, ಸುಮ್ನಿರು” ಅನ್ನಲಿಲ್ಲ. ಕಾರಣ ಸಿಗದೆ ಇದ್ದದ್ದೇ ಅವರಿಗೆ ಗಾಬರಿಯಾಯಿತು. ಇದು ನಮ್ಮ ಕೈಯಲ್ಲಿ ಆಗುವುದಲ್ಲ, ಡಾಕ್ಟರ ಹತ್ತಿರ ಹೋಗಬೇಕು ಅಂದರು. ಆ ದಿನ ಅಮ್ಮ ಗುರುತಿಸದೆ ಇದ್ದಿದ್ದರೆ ತಾನು ಏನಾಗುತ್ತಿದ್ದೆನೋ ಗೊತ್ತಿಲ್ಲ ಅಂತ ಮಗಳು ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದಾರೆ. ಡಾಕ್ಟರು ಖಿನ್ನತೆ ಅಂದರು. ಮಾತ್ರೆ ತೆಗೆದುಕೊಳ್ಳಲು ದೀಪಿಕಾ ಮೊದಲು ಒಪ್ಪಿರಲಿಲ್ಲ. ಆಮೇಲೆ ತೆಗೆದುಕೊಂಡರು, ಗುಣವಾದರು.

2015ರ ಶುರುವಿನಲ್ಲಿ ಅವರು ಇದನ್ನೆಲ್ಲ ಬಹಿರಂಗವಾಗಿ ಹೇಳಿದಾಗ ದೇಶವೇ ಬೆರಗಾಗಿತ್ತು. ಸಿನಿಮಾ ನಟಿ, ಇನ್ನೂ ಕೈತುಂಬ ಕೆಲಸವಿದ್ದ ಕಾಲ. ನಮ್ಮಲ್ಲಿ ಈ ವಿಷಯದ ಬಗ್ಗೆ ಯಾರು ಬಾಯಿ ಬಿಡುತ್ತಿದ್ದರು ಹೇಳಿ? ಬೆಂಗಳೂರಿನ ನಿಮ್ಹಾನ್ಸ್ ಹೆಸರನ್ನೇ ನಾವು ಬೈಗುಳ ಮಾಡಿಕೊಂಡಿದ್ದೆವು. ಕ್ಲಾಸಿನಲ್ಲಿ ಯಾರಾದರೂ ತಪ್ಪು ಉತ್ತರ ಹೇಳಿದರೆ “ಇವನನ್ನ ನಿಮ್ಹಾನ್ಸ್‌ಗೆ ಸೇರಿಸಬೇಕು” ಅನ್ನುತ್ತಿದ್ದ ಮೇಷ್ಟರು ನನಗೂ ಇದ್ದರು. ನಾವು ನಗುತ್ತಿದ್ದೆವು. ಆ ನಗುವಿನ ಮಧ್ಯೆ ಯಾವ ಮಗು ತಾನೇ ಕೈಯೆತ್ತಿ “ಸಾರ್, ನನಗೆ ಯಾಕೋ ಬೇಜಾರು” ಅಂತ ಹೇಳೀತು?

ಅದೇ ವರ್ಷ ಅವರು ಬೆಂಗಳೂರಿನಲ್ಲಿ ‘ಲಿವ್ ಲವ್ ಲಾಫ್’ ಪ್ರತಿಷ್ಠಾನ ಶುರು ಮಾಡಿದರು. ಮರು ವರ್ಷ ಶಾಲಾ ಮಕ್ಕಳಿಗಾಗಿಯೇ ‘ಯು ಆರ್ ನಾಟ್ ಅಲೋನ್’ ಅಂದರೆ ‘ನೀನು ಒಂಟಿಯಲ್ಲ’ ಅನ್ನುವ ಕಾರ್ಯಕ್ರಮ ಬಂತು. ಇದರಲ್ಲಿ ನನಗೆ ಹಿಡಿಸಿದ್ದು, ಮಕ್ಕಳಿಗೆ ಮಾತ್ರ ಹೇಳಿ ಬಿಡದೆ ಟೀಚರ್‌ಗಳನ್ನೂ ಕೂರಿಸಿಕೊಂಡದ್ದು. ಮಗು ಹೇಳಿದರೆ ಸಾಲದು, ಕೇಳಿಸಿಕೊಳ್ಳುವವರಿಗೂ ಗೊತ್ತಿರಬೇಕಲ್ಲ. 2025ರ ಫೆಬ್ರುವರಿಯಲ್ಲಿ, ಪರೀಕ್ಷೆಯ ಒತ್ತಡದ ಬಗ್ಗೆ ಕೇಂದ್ರ ಸರ್ಕಾರ ನಡೆಸುವ ‘ಪರೀಕ್ಷಾ ಪೆ ಚರ್ಚಾ’ದಲ್ಲಿ ಮಕ್ಕಳ ಜೊತೆ ಕೂತು ಮಾತಾಡಿದಾಗಲೂ ಅವರು ಅಮ್ಮನ ಆ ದಿನವನ್ನು ನೆನಪಿಸಿಕೊಂಡರು. ತಾನು ಗಣಿತದಲ್ಲಿ ಹಿಂದೆ ಅಂತಲೂ ಹೇಳಿಕೊಂಡರು. ಅದೇ ಅಕ್ಟೋಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅವರನ್ನು ಮಾನಸಿಕ ಆರೋಗ್ಯದ ರಾಯಭಾರಿ ಮಾಡಿತು.

ಇನ್ನು “ದುಡ್ಡಿದ್ದವರ ಕಾಯಿಲೆ” ಅಂದಿರಲ್ಲ. ಅವರ ಪ್ರತಿಷ್ಠಾನ ಹಳ್ಳಿಗಳ ಕೆಲಸ ಶುರು ಮಾಡಿದ್ದು ನಮ್ಮ ದಾವಣಗೆರೆ ಜಿಲ್ಲೆಯಲ್ಲಿ. ಅದಕ್ಕೂ ಮೂವತ್ತು ವರ್ಷ ಹಿಂದಕ್ಕೆ ಹೋಗಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಗೆ ಹೋದರು. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮನಸ್ಸಿನ ಕಾಯಿಲೆ ಗುರುತಿಸುವುದು, ಮಾತ್ರೆ ಕೊಡುವುದು ಕಲಿಸಿದರು. ಅದು ‘ಬಳ್ಳಾರಿ ಮಾದರಿ’ ಅಂತ ಹೆಸರಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದ್ದು ಆ ಮಾದರಿಯ ಮೇಲೆಯೇ. ಬಳ್ಳಾರಿಯ ಹಳ್ಳಿಗಳಲ್ಲಿ ಯಾರಿಗೆ ಕೋಟಿಗಟ್ಟಲೆ ದುಡ್ಡಿತ್ತು? ನಿಮ್ಹಾನ್ಸ್ ಮುಂದೆ ನಿಂತು ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದ ಮಕ್ಕಳಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತ್ತು. ಐವತ್ತು ಮಕ್ಕಳ ಕ್ಲಾಸಿನಲ್ಲಿ ಮೂರೋ ನಾಲ್ಕೋ ಮಕ್ಕಳು.

ನಮ್ಮ ಕಾಲದಲ್ಲಿ ಇರಲಿಲ್ಲ ಅಂತೀರಿ. ಇತ್ತಮ್ಮಾ. ಹೆಸರು ಬೇರೆ ಇತ್ತು. “ಗಾಳಿ ಸೋಕಿದೆ” ಅನ್ನುತ್ತಿದ್ದರು, “ದೃಷ್ಟಿಯಾಗಿದೆ” ಅನ್ನುತ್ತಿದ್ದರು. ತಾಯತ ಕಟ್ಟಿಸಿಕೊಂಡು ಬರುತ್ತಿದ್ದರು. ನಮ್ಮಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸುವಾಗ ಮಗುವನ್ನು ಹೊಸ್ತಿಲ ಹತ್ತಿರ ಕೂರಿಸಿ, ತಲೆ ಸವರಿ, ಆಮೇಲೂ ಸ್ವಲ್ಪ ಹೊತ್ತು ಜೊತೆಗೇ ಕೂರುತ್ತಿದ್ದರು. ಆ ಉಪ್ಪಿನಿಂದ ಕಾಯಿಲೆ ವಾಸಿಯಾಗುತ್ತಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ಮಗುವಿಗೆ ಏನೋ ಆಗಿದೆ ಅಂತ ಅಜ್ಜಿ ಒಪ್ಪಿಕೊಳ್ಳುತ್ತಿದ್ದರು. ನಿನಗೇನು ಕಮ್ಮಿ ಅಂತ ಕೇಳುತ್ತಿರಲಿಲ್ಲ.

ಈಗ ನಮ್ಮ ಮನೆಯ ವಿಷಯ. ನನ್ನ ತಂಗಿಯ ಮಗ ಪಿಯುಸಿ ಸೈನ್ಸ್ ಓದಲು ಹಳ್ಳಿಯಿಂದ ಬಂದು ನಮ್ಮ ಮನೆಯಲ್ಲಿದ್ದ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೇ ಮಾರ್ಕ್ಸ್ ತೆಗೆದಿದ್ದ ಹುಡುಗ. ಮನೆ ತುಂಬ ಓಡಾಡಿಕೊಂಡು, ಅತ್ತೆ ಅತ್ತೆ ಅಂತ ನನ್ನ ಹೆಂಡತಿಯ ಹಿಂದೆಯೇ ಇರುತ್ತಿದ್ದ. ದಸರಾ ರಜೆ ಮುಗಿದ ಮೇಲೆ ಮಾತು ಕಮ್ಮಿಯಾಯಿತು. ಓದು ಜಾಸ್ತಿ ಇರಬೇಕು ಅಂದುಕೊಂಡೆ. ಒಂದು ದಿನ ನನ್ನ ಹೆಂಡತಿ ಅಡುಗೆಮನೆಯಿಂದ ಅಂದಳು, “ಇವನು ಈಗ ಊಟದ ಡಬ್ಬಿ ತೊಳೆದುಕೊಂಡು ಬರ್ತಾನೆ ಕಣ್ರೀ.” ನಾನು ಖುಷಿಪಟ್ಟೆ. ಪರವಾಗಿಲ್ಲವೇ, ಜವಾಬ್ದಾರಿ ಬಂತು ಅಂದೆ. ಅವಳು ಏನೂ ಅನ್ನದೆ ಡಬ್ಬಿಯ ಮುಚ್ಚಳ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

ಆ ಹುಡುಗ ಒಂದೂವರೆ ತಿಂಗಳು ಮಧ್ಯಾಹ್ನ ಊಟ ಮಾಡಿರಲಿಲ್ಲ. ಚಿತ್ರಾನ್ನ, ಚಪಾತಿ ಎಲ್ಲ ಬಸ್‌ಸ್ಟ್ಯಾಂಡಿನ ನಾಯಿಗೆ ಹಾಕಿ, ನಲ್ಲಿಯಲ್ಲಿ ಡಬ್ಬಿ ತೊಳೆದು ತರುತ್ತಿದ್ದ. ಹಾಗೇ ತಂದರೆ ಅತ್ತೆಗೆ ಬೇಜಾರಾಗುತ್ತದೆ ಅಂತ. ವಿಷಯ ಗೊತ್ತಾದ ದಿನ ನಾನು ಅವನನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳಿದ್ದು ನೀವು ಕೇಳಿದ ಪ್ರಶ್ನೆಯನ್ನೇ. ಏನೋ ಕಮ್ಮಿ ಮಾಡಿದೀವಿ ನಿನಗೆ? ಅವನು ಕಾಲ ಬೆರಳಲ್ಲಿ ನೆಲ ಕೆರೆಯುತ್ತ ನಿಂತಿದ್ದ. ಈಗ ಯೋಚಿಸಿದರೆ, ಅವನೇನು ಹೇಳಬಹುದಿತ್ತು? ಕಮ್ಮಿಯಾಗಿದೆ ಅಂದರೆ ನಮಗೆ ದ್ರೋಹ. ಇಲ್ಲ ಅಂದರೆ ಅವನದೇ ತಪ್ಪು. ನಮ್ಮ ಪ್ರಶ್ನೆಯೇ ಬಾಯಿ ಮುಚ್ಚಿಸುವ ಪ್ರಶ್ನೆ.

ಹೆಂಡತಿ ಅವತ್ತು ರಾತ್ರಿ ಅವನ ಪಕ್ಕ ಚಾಪೆ ಹಾಕಿಕೊಂಡು ಮಲಗಿದಳು. ಏನೂ ಕೇಳಲಿಲ್ಲ. ಮೂರನೇ ರಾತ್ರಿ ಅವನೇ ಮಾತಾಡಿದ. ಇಂಗ್ಲಿಷಿನಲ್ಲಿ ಪಾಠ, ಒಂದಕ್ಷರ ತಲೆಗೆ ಹೋಗುತ್ತಿಲ್ಲ. ನಿದ್ದೆಯಿಲ್ಲ. ಇರುವುದೇ ಬೇಡ ಅನ್ನಿಸುತ್ತದೆ ಅಂದ. ಮಾರನೇ ದಿನವೇ ಮನೋವೈದ್ಯರ ಹತ್ತಿರ ಹೋದೆವು. ಎಂಟು ತಿಂಗಳು ಮಾತ್ರೆ, ಮಾತುಕತೆ. ಒಂದು ವರ್ಷ ಓದು ನಿಂತಿತು, ನಿಲ್ಲಲಿ ಅಂತ ಬಿಟ್ಟೆವು. ಈಗ ಕೆಲಸದಲ್ಲಿದ್ದಾನೆ. ನಿಮ್ಮ ಕಾಗದದ ವಿಷಯ ಹೇಳಿ, ಡಬ್ಬಿಯ ಕತೆ ಬರೆಯಲಾ ಅಂತ ಕೇಳಿದೆ. “ಬರೀರಿ ಮಾವ, ನಾಯಿ ವಿಷಯಾನೂ ಬರೀರಿ” ಅಂದ.

ಸಾಯುವ ಮಾತು ಎತ್ತಿದರೆ ಇಲ್ಲದ ಯೋಚನೆಯನ್ನು ನಾವೇ ತುಂಬಿದ ಹಾಗಾಗುತ್ತದೆ ಅನ್ನುವ ಭಯ ನಿಮಗಿದೆ. ನನಗೂ ಇತ್ತು. ಹಾಗಾಗುವುದಿಲ್ಲ. ಮೆತ್ತಗೆ, ನೇರವಾಗಿ ಕೇಳಿದರೆ ಮಕ್ಕಳಿಗೆ ಹಗುರವಾಗುತ್ತದೆ ಅಂತಲೇ ಈ ಕ್ಷೇತ್ರದ ಡಾಕ್ಟರುಗಳು ಹೇಳುತ್ತಾರೆ. ಕೇಳದೆ ಇರುವುದೇ ಅಪಾಯ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು ಅಂತ ಸರ್ಕಾರದ ಲೆಕ್ಕವೇ ಇದೆ.

ನಿಮ್ಮ ಒಂದು ಮಾತನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ. “ನಟಿ ಬಂದು ಮಾತಾಡಿ ಹೋದರೆ ನಮ್ಮೂರ ಶಾಲೆಗೆ ಏನು ಬಂತು?” ಅಂದಿದ್ದೀರಿ. ನಿಜ. ಒಬ್ಬರು ಬಾಯಿ ಬಿಟ್ಟರೆ ಬಾಗಿಲು ತೆರೆಯುತ್ತದೆ, ಆದರೆ ಬಾಗಿಲ ಆಚೆ ಯಾರಾದರೂ ಇರಬೇಕು. ನೂರು ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಕಡೆ ಅರ್ಹ ಕೌನ್ಸೆಲರ್ ಒಬ್ಬರಾದರೂ ಇರಲೇಬೇಕು ಅಂತ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ ಇದನ್ನು ಕೇಳಿ. ನಿಮ್ಮ ಸಿಟ್ಟು ಅಲ್ಲಿ ಕೆಲಸಕ್ಕೆ ಬರುತ್ತದೆ. ಟೀಚರ್ ಮೇಲೆ ಬೇಡ. ಇಷ್ಟು ಮಕ್ಕಳ ನಡುವೆ ನಿಮ್ಮ ಮಗಳನ್ನು ಗಮನಿಸಿದ್ದು ಅವರೊಬ್ಬರೇ.

ನಾಳೆ ಮದುವೆ ಮಾಡುವಾಗ ಗೊತ್ತಾದರೆ ಅಂತ ಬರೆದಿದ್ದೀರಿ. ಈ ಭಯ ದೊಡ್ಡದು, ನನಗೆ ಅರ್ಥವಾಗುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಚಿಕಿತ್ಸೆಯ ವಿವರ ಗುಟ್ಟಾಗಿ ಇರಬೇಕು, ಅದು ನಿಮ್ಮ ಮಗಳ ಹಕ್ಕು.

ನಾನು ಡಾಕ್ಟರ್ ಅಲ್ಲ. ನಿಮ್ಮ ಮಗಳಿಗೆ ಖಿನ್ನತೆ ಅಂತ ಹೇಳುತ್ತಿಲ್ಲ. ಶಾಲೆಯಲ್ಲೋ ದಾರಿಯಲ್ಲೋ ಯಾರಾದರೂ ಕಾಡುತ್ತಿರಬಹುದು. ಪಾಠದ ಭಯ ಇರಬಹುದು. ಆದರೆ ಸ್ಕ್ಯಾನ್ ನಾರ್ಮಲ್ ಅಂದ ಮಾತ್ರಕ್ಕೆ ಹೊಟ್ಟೆನೋವು ಸುಳ್ಳಲ್ಲ. ಮನಸ್ಸಿನ ಸಂಕಟ ಮಕ್ಕಳಲ್ಲಿ ಹೊಟ್ಟೆನೋವು, ತಲೆನೋವು ಆಗಿ ಬರುವುದು ಬಹಳ ಸಾಮಾನ್ಯ. ಅವಳಿಗೆ ನಿಜಕ್ಕೂ ನೋಯುತ್ತಿರುತ್ತದೆ.

ಅದಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದ್ದು ನಿಮ್ಮ ಕಾಗದದ ಕೊನೆಯಲ್ಲಿ ಸುಮ್ನೆ ಬರೆದ ಒಂದು ಸಾಲು. “ಬೆಳಿಗ್ಗೆ ರಂಗೋಲಿ ಹಾಕುವುದನ್ನೂ ಬಿಟ್ಟಿದ್ದಾಳೆ, ಸೋಮಾರಿ.” ಆರು ವರ್ಷದವಳಿದ್ದಾಗಿಂದ ಯಾರೂ ಹೇಳದೆ ಅವಳೇ ಹಾಕುತ್ತಿದ್ದಳು ಅಂತ ನೀವೇ ಬರೆದಿದ್ದೀರಿ. ಇಷ್ಟಪಟ್ಟು ಮಾಡುತ್ತಿದ್ದದ್ದನ್ನು ಮಗು ಬಿಟ್ಟರೆ ಅದು ಸೋಮಾರಿತನ ಇರಲಾರದು ಅಮ್ಮಾ. ನಮ್ಮನೆಯ ಡಬ್ಬಿಯ ಹಾಗೆ ಅದು ನಿಮ್ಮ ಮನೆಯ ಅಂಗಳ.

ನಾಳೆ ಬೆಳಿಗ್ಗೆ ಬೈಯದೆ, ರಂಗೋಲಿ ಹಾಕು ಅಂತಲೂ ಹೇಳದೆ, ನೀವೇ ನೀರು ಹಾಕಿ ಚುಕ್ಕಿ ಇಡಿ. ಬಂದು ಕೂತರೆ ಕೂರಲಿ, ಬರದಿದ್ದರೆ ಬೇಡ. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ನೋಡುತ್ತಾರೆ. ಹೋಗುವ ಮುಂಚೆ ಆಸ್ಪತ್ರೆಯಲ್ಲಿ ಒಂದು ಮಾತು ವಿಚಾರಿಸಿಕೊಳ್ಳಿ. ಅಷ್ಟರೊಳಗೆ ಮಾತಾಡಬೇಕು ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲು ನೀವೇ ಮಾತಾಡಿ, ಮಗಳ ಬಗ್ಗೆ ಕೇಳಿ. ಯಾರಾದರೂ ಕಾಡುತ್ತಿದ್ದಾರೆ ಅಂತ ಗೊತ್ತಾದರೆ ಮಕ್ಕಳ ಸಹಾಯವಾಣಿ 1098 ಇದೆ. ಇರುವುದೇ ಬೇಡ ಅನ್ನುವ ಮಾತು ಅವಳ ಬಾಯಿಂದ ಬಂದರೆ ಮಂಗಳವಾರಕ್ಕೆ ಕಾಯಬೇಡಿ, ಅವತ್ತೇ ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ಒಬ್ಬಳನ್ನೇ ಬಿಡಬೇಡಿ.

ಡಾಕ್ಟರ ಹತ್ತಿರ ಹೋಗಿ ಬಂದ ಮೇಲೆ ಒಂದು ಸಾಲು ಬರೆಯಿರಿ. ಪ್ರಕಟಿಸುವುದಕ್ಕಲ್ಲ, ನನಗೆ ಮತ್ತು ನನ್ನ ಹೆಂಡತಿಗೆ. ಅವಳೂ ನಿಮ್ಮ ಕಾಗದ ಓದಿದ್ದಾಳೆ, ದಿನಾ ಕೇಳುತ್ತಿದ್ದಾಳೆ.

ನಿಮ್ಮ,
ಸಂಪಾದಕ