ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಗ್ರಂಥಾಲಯ ಬಳಕೆಯನ್ನು ಕಲಿಸಲು ಒಂದೇ ಗಂಟೆ ಸಿಕ್ಕರೆ ಏನು ಕಲಿಸಬೇಕು?

ಕ್ಯಾಟಲಾಗ್‌ನಿಂದ ಹಿಡಿದು ಕೃತಿಚೌರ್ಯದವರೆಗೆ ಹತ್ತಾರು ವಿಷಯಗಳ ಪಟ್ಟಿಯನ್ನು ಕೈಗಿತ್ತು ಒಂದೇ ಗಂಟೆಯಲ್ಲಿ ಕಲಿಸಲು ಹೇಳಿದ್ದಾರೆ, ಇದರಲ್ಲಿ ಯಾವುದನ್ನು ಬಿಡಲಿ ಎಂದು ನೀವು ಕೇಳಿದ್ದೀರಿ. ಗ್ರಂಥಪಾಲಕನಾಗಿ ಇಂಥ ತರಗತಿಗಳನ್ನು ಅನೇಕ ವರ್ಷಗಳಿಂದ ತೆಗೆದುಕೊಳ್ಳುತ್ತಿರುವ ನಾನು ಹೇಳುವುದಿಷ್ಟು: ಬಹುಪಾಲನ್ನು ಬಿಡಿ. ಕೊಟ್ಟ ವಿಷಯವನ್ನು ಹುಡುಕಲು ಬರುವಂಥ ಪ್ರಶ್ನೆಯನ್ನಾಗಿ ಮಾಡಿಕೊಳ್ಳುವುದನ್ನು ಮಾತ್ರ ಆ ಗಂಟೆಯಲ್ಲಿ ಕಲಿಸಿ.

ಅದಕ್ಕೂ ಮೊದಲು ತರಗತಿಯ ದಿನವನ್ನು ಸರಿಪಡಿಸಿಕೊಳ್ಳಬೇಕು. ಪ್ರವೇಶ ಪಡೆದ ಮೊದಲ ವಾರದಲ್ಲೇ ಇದನ್ನು ಮುಗಿಸಿಬಿಡುವ ರೂಢಿ ಅನೇಕ ಕಡೆ ಇದೆ. ಆಗ ವಿದ್ಯಾರ್ಥಿಯ ಮುಂದೆ ಹುಡುಕಬೇಕಾದದ್ದು ಏನೂ ಇರುವುದಿಲ್ಲವಾದ್ದರಿಂದ ಕೇಳಿದ್ದು ಉಳಿಯುವುದೂ ಇಲ್ಲ. ಮೊದಲ ಅಸೈನ್‌ಮೆಂಟ್ ಕೊಡುವ ಅಧ್ಯಾಪಕರೊಂದಿಗೆ ಮಾತನಾಡಿ, ಅದು ವಿದ್ಯಾರ್ಥಿಗಳ ಕೈಸೇರಿದ ನಂತರದ ವಾರಕ್ಕೆ ನಿಮ್ಮ ತರಗತಿಯನ್ನು ಇಟ್ಟುಕೊಳ್ಳಿ. ಗ್ರಂಥಾಲಯದ ವೇಳೆ, ಪುಸ್ತಕ ಎರವಲಿನ ನಿಯಮ, ಯಾವ ಮಹಡಿಯಲ್ಲಿ ಏನಿದೆ ಎಂಬುದೆಲ್ಲ ಒಂದು ಪುಟದ ಮುದ್ರಿತ ಹಾಳೆಯಲ್ಲಿರಲಿ.

ವಿದ್ಯಾರ್ಥಿಗಳು ಸಾಮಾನ್ಯವಾಗಿ "ಶಬ್ದಮಾಲಿನ್ಯ" ಎಂಬಂಥ ಒಂದೇ ಪದವನ್ನು ಹುಡುಕಾಟದ ಪೆಟ್ಟಿಗೆಯಲ್ಲಿ ಹಾಕಿ, ಬಂದ ಸಾವಿರಾರು ಫಲಿತಾಂಶಗಳಲ್ಲಿ ಮೊದಲ ಎರಡು ಮೂರನ್ನು ತೆಗೆದುಕೊಳ್ಳುತ್ತಾರೆ. ಇದನ್ನು ಸೋಮಾರಿತನವೆಂದು ತಿಳಿಯುವವರಿದ್ದಾರೆ, ನಾನು ಹಾಗೆ ತಿಳಿಯುವುದಿಲ್ಲ. ತನಗೆ ಏನು ತಿಳಿಯಬೇಕಾಗಿದೆ ಎಂಬುದೇ ಇನ್ನೂ ಸ್ಪಷ್ಟವಾಗದಿದ್ದವರಿಗೆ ಮೂರನೆಯ ಫಲಿತಾಂಶಕ್ಕಿಂತ ಮೂವತ್ತನೆಯದು ಹೆಚ್ಚು ಉಪಯುಕ್ತವೆಂದು ಗೊತ್ತಾಗುವ ಬಗೆಯಾದರೂ ಯಾವುದು? ಆದ್ದರಿಂದ ಕಂಪ್ಯೂಟರ್ ತೆರೆಯುವ ಮೊದಲು ಕಾಗದದ ಮೇಲೆ ಬರೆಯಿಸಿ. ಯಾರ ಮೇಲೆ ಪರಿಣಾಮ, ಯಾವ ಸದ್ದು, ಎಂಥ ಪರಿಣಾಮ ಎಂದು ಕೇಳುತ್ತ ಹೋದರೆ "ರಸ್ತೆಯ ವಾಹನಗಳ ಸದ್ದಿನಿಂದ ಶಾಲಾ ಮಕ್ಕಳ ಓದಿನ ಗ್ರಹಿಕೆಗೆ ಏನಾಗುತ್ತದೆ" ಎಂಬಲ್ಲಿಗೆ ಅವರೇ ಬಂದು ನಿಲ್ಲುತ್ತಾರೆ. ಈ ಪ್ರಶ್ನೆಯೊಳಗೆ ಮೂರು ಪರಿಕಲ್ಪನೆಗಳಿವೆ: ವಾಹನಗಳ ಸದ್ದು, ಶಾಲಾ ಮಕ್ಕಳು, ಓದಿನ ಗ್ರಹಿಕೆ. ಪ್ರತಿಯೊಂದರ ಕೆಳಗೂ ಸಂಶೋಧಕರು ಬಳಸಿರಬಹುದಾದ ಬೇರೆ ಪದಗಳನ್ನು ಬರೆಯಿಸಿ. ಒಂದೇ ಅರ್ಥದ ಪದಗಳನ್ನು 'ಆರ್' (OR) ಎಂಬುದರಿಂದಲೂ ಬೇರೆ ಬೇರೆ ಪರಿಕಲ್ಪನೆಗಳನ್ನು 'ಆಂಡ್' (AND) ಎಂಬುದರಿಂದಲೂ ಜೋಡಿಸಬೇಕು, ಒಟ್ಟಿಗೇ ಬರಬೇಕಾದ ಪದಗುಚ್ಛವನ್ನು ಉದ್ಧರಣ ಚಿಹ್ನೆಗಳೊಳಗೆ ಇಡಬೇಕು ಎಂಬುದನ್ನು ಹೇಳುವ ಸರಿಯಾದ ಗಳಿಗೆ ಇದೇ, ಏಕೆಂದರೆ ಜೋಡಿಸಲು ಈಗ ಅವರ ಬಳಿ ಪದಗಳಿವೆ. ಮೊದಲ ಹುಡುಕಾಟದಲ್ಲಿ ಹೆಚ್ಚೇನೂ ಸಿಗದಿದ್ದರೆ, ಸಿಕ್ಕ ಒಂದು ಒಳ್ಳೆಯ ಲೇಖನದ ಸಾರಾಂಶದಿಂದ ಹೊಸ ಪದಗಳನ್ನು ಹೆಕ್ಕಿಕೊಂಡು ಮತ್ತೆ ಹುಡುಕುವುದನ್ನು ಅವರ ಮುಂದೆಯೇ ಮಾಡಿ ತೋರಿಸಿ. ಮೊದಲೇ ಅಭ್ಯಾಸ ಮಾಡಿಟ್ಟುಕೊಂಡ ಹುಡುಕಾಟವನ್ನು ತೋರಿಸಬೇಡಿ. ಬಲ್ಲವರೂ ಪದಗಳನ್ನು ಬದಲಿಸಿಕೊಳ್ಳುತ್ತ ಹುಡುಕುತ್ತಾರೆ ಎಂಬುದು ಅವರ ಕಣ್ಣಿಗೆ ಬೀಳಬೇಕು.

ಎರಡನೆಯ ತರಗತಿ ದೊರೆತರೆ ಅದನ್ನು ಪೂರ್ತಿಯಾಗಿ ವಿಶ್ವಾಸಾರ್ಹತೆಯ ಪರೀಕ್ಷೆಗೆ ಮೀಸಲಿಡಿ. ಪುಟದ ದಿನಾಂಕ, ಲೇಖಕರ ಹೆಸರು, ವಿನ್ಯಾಸ ಇತ್ಯಾದಿಗಳಿಗೆ ಗುರುತು ಹಾಕಿಸುವ ಪಟ್ಟಿಗಳು ಈಗಲೂ ಬಳಕೆಯಲ್ಲಿವೆ. ಅವು ಸಾಲವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 10 ಇತಿಹಾಸಕಾರರು, 10 ವೃತ್ತಿಪರ ಸತ್ಯಶೋಧಕರು (ಫ್ಯಾಕ್ಟ್ ಚೆಕರ್‌ಗಳು) ಮತ್ತು 25 ಪದವಿ ವಿದ್ಯಾರ್ಥಿಗಳು ಜಾಲತಾಣಗಳನ್ನು ಹೇಗೆ ಪರಿಶೀಲಿಸುತ್ತಾರೆಂದು ನೋಡಲಾಯಿತು. ಚೆನ್ನಾಗಿ ಓದಿಕೊಂಡ ಇತಿಹಾಸಕಾರರು ಕೂಡ ಅಚ್ಚುಕಟ್ಟಾದ ಪುಟವನ್ನು ಮೇಲಿನಿಂದ ಕೆಳಗೆ ಓದುತ್ತ ಹೋಗಿ ಅನೇಕ ಸಲ ಮೋಸಹೋದರು. ಸತ್ಯಶೋಧಕರಾದರೋ ಕ್ಷಣದಲ್ಲೇ ಆ ಪುಟವನ್ನು ಬಿಟ್ಟು, ಹೊಸ ಟ್ಯಾಬ್‌ಗಳಲ್ಲಿ ಆ ಸಂಸ್ಥೆಯ ಬಗ್ಗೆ ಇತರರು ಏನು ಹೇಳಿದ್ದಾರೆಂದು ನೋಡಿ, ಕಡಿಮೆ ಸಮಯದಲ್ಲಿ ಸರಿಯಾದ ತೀರ್ಮಾನಕ್ಕೆ ಬಂದರು. ಪುಟವನ್ನು ಬಿಟ್ಟು ಹೊರಗೆ ಹೋಗಿ ವಿಚಾರಿಸುವ ಈ ಅಭ್ಯಾಸವನ್ನು ಹದಿನೆಂಟರ ವಯಸ್ಸಿನವರು ಬಹುಬೇಗ ಕಲಿಯುತ್ತಾರೆ.

ಅದೇ ತರಗತಿಯಲ್ಲಿ, ತಜ್ಞರ ಪರಿಶೀಲನೆಗೆ ಒಳಗಾದ ಲೇಖನವೆಂದರೆ ಕಣ್ಣುಮುಚ್ಚಿ ನಂಬಬಹುದು ಎಂಬ ತಪ್ಪುಕಲ್ಪನೆಯನ್ನೂ ತೆಗೆಯಬೇಕು. 12 ಮಕ್ಕಳನ್ನು ಆಧರಿಸಿ ದಡಾರ, ಮಂಗನಬಾವು, ರುಬೆಲ್ಲಾಗಳನ್ನು ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ಸಂಬಂಧವಿರಬಹುದೆಂಬ ಭಯ ಹುಟ್ಟಿಸಿದ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರ ಲೇಖನ 1998ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಪತ್ರಿಕೆ ಅದನ್ನು ಪೂರ್ತಿಯಾಗಿ ಹಿಂಪಡೆದದ್ದು 2010ರಲ್ಲಿ. ಅದನ್ನು ಉಲ್ಲೇಖಿಸಿದವರಲ್ಲಿ ಅನೇಕರು ಅದನ್ನು ಖಂಡಿಸಲೆಂದೇ ಉಲ್ಲೇಖಿಸಿದ್ದಾರೆ. ಹೀಗಾಗಿ ಲೇಖನವೊಂದನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆ ಎಂಬ ಸಂಖ್ಯೆಯನ್ನು ಮಾತ್ರ ನೋಡಿದರೆ ಸಾಲದು, ಏನೆಂದು ಉಲ್ಲೇಖಿಸಿದ್ದಾರೆ ಎಂಬುದನ್ನೂ ನೋಡಬೇಕು.

ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ನಿಷೇಧಿಸುವ ಮಾತಿನಲ್ಲಿ ಸಮಯ ಕಳೆಯಬೇಡಿ. ಅವು ಕೆಲವೊಮ್ಮೆ ಇಲ್ಲದ ಲೇಖನಗಳನ್ನು ನಿಜವಾದ ಪತ್ರಿಕೆಗಳ ಹೆಸರಿನೊಂದಿಗೆ ಸೃಷ್ಟಿಸಿ ಕೊಡುತ್ತವೆ. ಅಂಥ ಒಂದು ಆಕರಪಟ್ಟಿಯನ್ನು ಮುಂದಿಟ್ಟು, ಪ್ರತಿಯೊಂದು ಲೇಖನವೂ ನಿಜವಾಗಿ ಇದೆಯೇ ಎಂದು ಡೇಟಾಬೇಸ್‌ನಲ್ಲಿಯೂ ಪತ್ರಿಕೆಯ ಆಯಾ ಸಂಚಿಕೆಯಲ್ಲಿಯೂ ವಿದ್ಯಾರ್ಥಿಗಳೇ ಹುಡುಕಿ ನೋಡಲಿ.

ಮತ್ತೆ ಮೊದಲ ತರಗತಿಗೆ ಬಂದರೆ, ಅದರ ಕೊನೆಯಲ್ಲಿ "ಉಪಯುಕ್ತವಾಗಿತ್ತೇ" ಎಂದು ಕೇಳುವ ಪ್ರತಿಕ್ರಿಯೆ ಪತ್ರದಿಂದ ಅವರು ಏನು ಕಲಿತರೆಂದು ತಿಳಿಯುವುದಿಲ್ಲ. ಅದರ ಬದಲು ಕೊನೆಯ ಹದಿನೈದು ನಿಮಿಷಗಳಲ್ಲಿ ಪ್ರತಿಯೊಬ್ಬರೂ ತಮ್ಮ ಪ್ರಶ್ನೆ, ಬಳಸಿದ ಪದಗಳು, ಆರಿಸಿಕೊಂಡ ಒಂದು ಲೇಖನ ಮತ್ತು ಆರಿಸಿಕೊಂಡ ಕಾರಣವನ್ನು ಚೀಟಿಯಲ್ಲಿ ಬರೆದುಕೊಡಲಿ. ಅಸೈನ್‌ಮೆಂಟ್‌ಗಳು ಬಂದಾಗ ಅವುಗಳ ಆಕರಪಟ್ಟಿಗಳನ್ನು ಅಧ್ಯಾಪಕರಿಂದ ಕೇಳಿ ಪಡೆದು ಈ ಚೀಟಿಗಳ ಜೊತೆಗಿಟ್ಟು ಓದಿ. ಮುಂದಿನ ವರ್ಷ ಯಾವ ಭಾಗಕ್ಕೆ ಹೆಚ್ಚು ಸಮಯ ಕೊಡಬೇಕೆಂಬುದು ನಿಮಗೆ ಅಲ್ಲಿಯೇ ತಿಳಿಯುತ್ತದೆ, ಎರಡನೆಯ ಗಂಟೆಯನ್ನು ಕೇಳಲು ಬೇಕಾದ ಆಧಾರವೂ ದೊರೆಯುತ್ತದೆ.