ಜ್ಯೂರಿಕ್‌ನಿಂದ ಒಂದೇ ದಿನದಲ್ಲಿ ಮೆಗ್ಲಿಸಾಲ್ಪ್, ಏಷರ್, ವಿಲ್ಡ್‌ಕಿರ್ಖ್ಲಿ ಮೂರನ್ನೂ ನೋಡಬಹುದೇ? ಅರವತ್ತು ದಾಟಿದ ತಂದೆತಾಯಿಯೂ ಜೊತೆಗಿರುತ್ತಾರೆ, ಯಾವ ಬೂಟು ಕೊಳ್ಳಬೇಕು?

ಸ್ವಿಟ್ಜರ್ಲೆಂಡ್‌ನ ಆಪೆನ್ಸೆಲ್ ಸೀಮೆಯ ವಾಸರೌವೆನ್ ರೈಲು ನಿಲ್ದಾಣದಿಂದ ಸೇಯಾಲ್ಪ್‌ಸೇ ಸರೋವರ, ಅಲ್ಲಿಂದ ಮೇಲಿನ ಹುಲ್ಲುಗಾವಲಾದ ಮೆಗ್ಲಿಸಾಲ್ಪ್, ಮತ್ತೆ ಸರೋವರಕ್ಕೆ ಇಳಿದು ಏಷರ್ ತಂಗುಮನೆ ಮತ್ತು ವಿಲ್ಡ್‌ಕಿರ್ಖ್ಲಿ ಎಂಬ ಗುಹೆಯ ಚಾಪೆಲ್‌ಗೆ ಏರಿ, ಕೊನೆಗೆ ಎಬೆನಾಲ್ಪ್ ಬೆಟ್ಟದ ಮೇಲಿನಿಂದ ರೋಪ್‌ವೇಯಲ್ಲಿ ಕೆಳಗಿಳಿಯುವುದು: ನೀವು ಬರೆದಿರುವ ಈ ಕ್ರಮದಲ್ಲೇ ನಾನು ಒಂದು ಸೆಪ್ಟೆಂಬರ್‌ನಲ್ಲಿ ನನ್ನ ತಾಯಿಯನ್ನು ಕರೆದುಕೊಂಡು ಹೋಗಿದ್ದೆ. ಬೂಟಿನ ಪ್ರಶ್ನೆ ಆಮೇಲಿನದು. ದಯವಿಟ್ಟು ಮೊದಲು ಈ ಕ್ರಮವನ್ನು ಕೈಬಿಡಿ.

ಚಿಕ್ಕಮಗಳೂರಿನವನಾದ ನನಗೆ ನಕ್ಷೆಯಲ್ಲಿದ್ದ ಎತ್ತರಗಳು ಸಣ್ಣವಾಗಿ ಕಂಡಿದ್ದವು. ಮೆಗ್ಲಿಸಾಲ್ಪ್ 1,517 ಮೀಟರ್, ಏಷರ್ 1,454, ಎಬೆನಾಲ್ಪ್ 1,640. ಎಲ್ಲವೂ ನಮ್ಮ ಮುಳ್ಳಯ್ಯನಗಿರಿಗಿಂತ ಕಡಿಮೆ ಎತ್ತರದವು, ಅಮ್ಮ ಮುಳ್ಳಯ್ಯನ ದರ್ಶನಕ್ಕೆ ಎಷ್ಟೋ ಸಲ ಹೋಗಿ ಬಂದವರು. ಆದರೆ ಅಲ್ಲಿ ವಾಹನವೇ ಬಹುಪಾಲು ಎತ್ತರವನ್ನು ಏರಿಸಿರುತ್ತದೆ, ಕಾಲಿಗೆ ಉಳಿಯುವುದು ಮೆಟ್ಟಿಲುಗಳು ಮಾತ್ರ. ಇಲ್ಲಿ ರೈಲು ನಮ್ಮನ್ನು 868 ಮೀಟರ್ ಎತ್ತರದಲ್ಲಿ ಇಳಿಸುತ್ತದೆ. ಅಲ್ಲಿಂದ ಮೆಗ್ಲಿಸಾಲ್ಪ್‌ಗೆ 650 ಮೀಟರ್ ಏರಿ, 1,141 ಮೀಟರ್‌ನ ಸರೋವರಕ್ಕೆ ಮರಳಿ ಇಳಿದು, ಮತ್ತೆ ಎಬೆನಾಲ್ಪ್‌ಗೆ 500 ಮೀಟರ್ ಏರಬೇಕು. ಒಟ್ಟು ಏರಿಕೆ ಸುಮಾರು 1,150 ಮೀಟರ್ ಆಗುತ್ತದೆ. ನಿಮ್ಮ ಹಾಗೆಯೇ ನಾನೂ ಕಿಲೋಮೀಟರ್‌ಗಳನ್ನು ಕೂಡಿಸಿ ‘ಮಧ್ಯಮ ದರ್ಜೆಯ ನಡಿಗೆ’ ಎಂದು ನಿರ್ಧರಿಸಿದ್ದೆನೇ ಹೊರತು ಈ ಸಂಖ್ಯೆಗಳನ್ನು ಕೂಡಿಸಿರಲಿಲ್ಲ.

ಆದರೂ ನಮ್ಮ ದಿನವನ್ನು ಕೆಡಿಸಿದ್ದು ಏರಿಕೆಯಲ್ಲ, ರೋಪ್‌ವೇಯನ್ನು ದಿನದ ಕೊನೆಗೆ ಇಟ್ಟುಕೊಂಡದ್ದು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಈ ಆಲೋಚನೆ ಮೇಲ್ನೋಟಕ್ಕೆ ಬಹಳ ವಿವೇಕದ್ದಾಗಿ ಕಾಣುತ್ತದೆ. ಮಂಡಿಗೆ ಏರುವುದಕ್ಕಿಂತ ಇಳಿಯುವುದು ಕಷ್ಟ, ಆದ್ದರಿಂದ ಇಳಿಯುವ ಕೆಲಸವನ್ನು ಯಂತ್ರಕ್ಕೆ ಬಿಟ್ಟರೆ ಅಮ್ಮನಿಗೆ ಅನುಕೂಲ ಎಂದು ನಾನು ಯೋಚಿಸಿದ್ದೆ. ಮಂಡಿಯ ವಿಷಯದಲ್ಲಿ ಅದು ಸರಿಯಾದ ಮಾತೇ. ಆದರೆ ರೋಪ್‌ವೇಗೆ ಕೊನೆಯ ಸರದಿ ಎಂಬುದೊಂದಿದೆ, ಅದೂ ಋತುವಿಗೆ ತಕ್ಕಂತೆ ಬದಲಾಗುತ್ತದೆ. ಅದನ್ನು ಯೋಜನೆಯ ತುದಿಗೆ ಕಟ್ಟಿದ ಕ್ಷಣದಿಂದ ಬೆಳಗಿನ ಪ್ರತಿಯೊಂದು ವಿಳಂಬವೂ ಸಂಜೆಯ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಇದರ ಜೊತೆಗೆ, ಸ್ವಿಸ್ ನಡಿಗೆದಾರಿಗಳ ಹಳದಿ ಫಲಕಗಳ ಮೇಲಿನ ಸಮಯ ಸಮತಟ್ಟಿನಲ್ಲಿ ಗಂಟೆಗೆ ಸುಮಾರು 4.2 ಕಿಲೋಮೀಟರ್ ನಡೆಯುವವರಿಗೆ ಲೆಕ್ಕ ಹಾಕಿದ್ದು, ಅದರಲ್ಲಿ ವಿಶ್ರಾಂತಿ ಸೇರಿಲ್ಲ. ಸರೋವರದ ದಡದಲ್ಲಿ ಬುತ್ತಿ ಬಿಚ್ಚಿದ ಹೊತ್ತು, ಮೆಗ್ಲಿಸಾಲ್ಪ್‌ನ ‘ಹಿಮದ ಮೇರಿ ಮಾತೆ’ಯ ಚಾಪೆಲ್‌ನಲ್ಲಿ ಅಮ್ಮ ಕಣ್ಣು ಮುಚ್ಚಿ ಕುಳಿತ ಹೊತ್ತು, ಹಸುಗಳ ಗಂಟೆಯ ನಾದ ಕೇಳುತ್ತಾ ನಿಂತ ಹೊತ್ತು, ಯಾವುದೂ ಯಾವ ಫಲಕದಲ್ಲೂ ಇರುವುದಿಲ್ಲ. ಇವುಗಳಿಗಾಗಿಯೇ ಅಲ್ಲವೇ ನಾವು ಹೋಗುವುದು?

ಸರೋವರದಿಂದ ಏಷರ್‌ಗೆ ಏರುವ ಕಡಿದಾದ ದಾರಿಯಲ್ಲಿ ನಾನು ಗಡಿಯಾರ ನೋಡುತ್ತಾ ಅಮ್ಮನನ್ನು ಅವಸರಪಡಿಸಿದೆ. ಅವರು ಎಲ್ಲಕ್ಕಿಂತ ಹೆಚ್ಚಾಗಿ ನೋಡಬಯಸಿದ್ದು ವಿಲ್ಡ್‌ಕಿರ್ಖ್ಲಿಯನ್ನು. ಪೌಲುಸ್ ಉಲ್ಮನ್ ಎಂಬ ಪಾದ್ರಿ 1658ರಲ್ಲಿ ಆ ಗುಹೆಯಲ್ಲಿ ಏಕಾಂತವಾಸ ಆರಂಭಿಸಿದರು, 1853ರವರೆಗೂ ಒಬ್ಬರ ನಂತರ ಒಬ್ಬರಂತೆ ವಿರಕ್ತರು ಅಲ್ಲಿ ಬದುಕಿದರು. 20ನೇ ಶತಮಾನದ ಆರಂಭದಲ್ಲಿ ಸಂಶೋಧಕ ಎಮಿಲ್ ಬೇಖ್ಲರ್ ಅಲ್ಲಿ ಅಗೆದಾಗ ಗುಹಾಕರಡಿಗಳ ಮೂಳೆಗಳೂ ನಿಯಾಂಡರ್ತಾಲ್ ಮಾನವರ ಕಲ್ಲಿನ ಉಪಕರಣಗಳೂ ದೊರೆತವು. ಅಂಥ ಸ್ಥಳದ ಬಲಿಪೀಠದ ಮುಂದೆ ನನ್ನ ತಾಯಿ ನಿಂತೇ ಕೈಮುಗಿದು ಹೊರಟರು, ಕೂರುವುದಕ್ಕೆ ನಾನು ಬಿಡಲಿಲ್ಲ. ಇಷ್ಟೆಲ್ಲ ಮಾಡಿಯೂ ಮೇಲೆ ತಲುಪಿದಾಗ ಕೊನೆಯ ಕ್ಯಾಬಿನ್ ಹೋಗಿತ್ತು. ಕತ್ತಲಾಗುತ್ತಿರುವಾಗ 770 ಮೀಟರ್ ಕೆಳಕ್ಕೆ ನಡೆದು ಇಳಿದೆವು. ಆ ಇಳಿಜಾರಿನಲ್ಲಿ ಊದಿಕೊಂಡ ಮಂಡಿಯಿಂದಾಗಿ ಅಮ್ಮ ಬಹಳ ಕಾಲ ನೆಲದ ಮೇಲೆ ಕುಳಿತು ಪೂಜೆ ಮಾಡಲಾಗಲಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಖಚಿತವಾಗಿದೆ: ಒಂದು ದಿನಕ್ಕೆ ಒಂದೇ ಚಾಪೆಲ್ ಸಾಕು, ಮತ್ತು ರೋಪ್‌ವೇ ಬೆಳಿಗ್ಗೆಯೇ ಬಳಕೆಯಾಗಬೇಕು. ಜ್ಯೂರಿಕ್‌ನಿಂದ ಗೊಸಾವ್ ಹಾಗೂ ಆಪೆನ್ಸೆಲ್ ಮಾರ್ಗವಾಗಿ ವಾಸರೌವೆನ್‌ಗೆ ಸುಮಾರು ಎರಡು ಗಂಟೆ ಬೇಕು, ಆದ್ದರಿಂದ ಬೇಗ ಹೊರಡಿ. ಕೆಳಗಿನ ನಿಲ್ದಾಣದಲ್ಲಿ ಅಂದಿನ ಕೊನೆಯ ಸರದಿಯ ವೇಳೆಯನ್ನು ಮೊದಲು ಗುರುತು ಹಾಕಿಕೊಂಡು, ಎಬೆನಾಲ್ಪ್‌ಗೆ ಏರಿ, ಗುಹೆಯೊಳಗಿನ ದಾರಿಯಿಂದಲೇ ಚಾಪೆಲ್‌ಗೆ ಇಳಿಯಿರಿ. ಒಳಗೆ ದೀಪಗಳಿದ್ದರೂ ನೆಲ ಒದ್ದೆಯಾಗಿರುತ್ತದೆ. ಬಂಡೆಗೆ ಒರಗಿ ನಿಂತಿರುವ ಏಷರ್‌ನ ಮರದ ಮನೆ ಅಲ್ಲಿಂದ ಹತ್ತಿರ. ಅಲ್ಲಿ ಕುಳಿತು ತಂದೆತಾಯಿಯ ಕಾಲುಗಳನ್ನು ವಿಚಾರಿಸಿ. ಆಲೂಗಡ್ಡೆಯ ರೋಸ್ಟಿಯಲ್ಲಿ ಹಂದಿಮಾಂಸದ ತುಣುಕುಗಳಿರುವುದು ಸಾಮಾನ್ಯ, ಸಸ್ಯಾಹಾರಿಗಳಾದರೆ ‘ಓನೆ ಷ್ಪೆಕ್’ ಎಂದು ಮೊದಲೇ ಹೇಳಿಬಿಡಿ.

ಏಷರ್‌ನಿಂದ ಸರೋವರಕ್ಕೆ ಇಳಿಯುವುದು ಮಂಡಿ ಗಟ್ಟಿಯಾಗಿದ್ದು, ದಾರಿ ಒಣಗಿದ್ದರೆ ಮಾತ್ರ. ಸುಮಾರು 310 ಮೀಟರ್‌ನ ಆ ಇಳಿಕೆ ಬಿಳಿ-ಕೆಂಪು-ಬಿಳಿ ಗುರುತಿನ ಪರ್ವತಮಾರ್ಗ. ಮಳೆ ಬಿದ್ದಿದ್ದರೆ ಅಲ್ಲಿನ ಸುಣ್ಣಕಲ್ಲೂ ಬೇರುಗಳೂ ವಿಪರೀತ ಜಾರುತ್ತವೆ. ಬೂಟಿನ ಬಗ್ಗೆ ಕೇಳಿದಿರಲ್ಲ, ಅಡಿಭಾಗ ಹಿಡಿತವಿರುವ ಯಾವ ನಡಿಗೆಯ ಬೂಟಾದರೂ ಆದೀತು, ಉಳಿದ ಹಣದಲ್ಲಿ ಇಬ್ಬರಿಗೂ ಊರುಗೋಲು ಕೊಳ್ಳಿ. ಸರೋವರ ತಲುಪಿದ ಮೇಲೆ ಅವಸರವಿಲ್ಲ, ವಾಸರೌವೆನ್‌ಗೆ ಅಗಲವಾದ ರಸ್ತೆಯೇ ಇದೆ, ರೈಲುಗಳು ಸಂಜೆಯ ನಂತರವೂ ಇರುತ್ತವೆ. ಕಾಲು ಒಪ್ಪದಿದ್ದರೆ ಏಷರ್‌ನಿಂದಲೇ 190 ಮೀಟರ್‌ನಷ್ಟು ಮರಳಿ ಏರಿ ರೋಪ್‌ವೇಯಲ್ಲಿ ಇಳಿಯಿರಿ, ಮಧ್ಯಾಹ್ನವೇ ಆದ್ದರಿಂದ ಕೊನೆಯ ಸರದಿಯ ಆತಂಕ ಇರುವುದಿಲ್ಲ.

ಹುಲ್ಲುಗಾವಲಿನಲ್ಲಿ ಕರುವಿರುವ ಹಸುವಿನ ಹತ್ತಿರ ಯಾರನ್ನೂ ಬಿಡಬೇಡಿ. ನಮ್ಮವರಿಗೆ ಹಸುವನ್ನು ಮುಟ್ಟಿ ನಮಸ್ಕರಿಸುವ ಅಭ್ಯಾಸವಿದೆ, ಆದರೆ ಬಯಲಿನಲ್ಲೇ ಇರುವ ಆ ತಾಯಿಹಸುಗಳು ಕರುವಿನ ರಕ್ಷಣೆಗೆ ಮೇಲೆರಗುತ್ತವೆ. ದಾಟಿದ ಬೇಲಿಬಾಗಿಲನ್ನು ಮುಚ್ಚಿ ಮುಂದೆ ಹೋಗಿ. ಹೆಲಿಕಾಪ್ಟರ್ ರಕ್ಷಣೆಯ ರೇಗಾ ಸಂಸ್ಥೆಯ 1414 ಸಂಖ್ಯೆಯನ್ನು ಎಲ್ಲರ ಫೋನಿನಲ್ಲೂ ಉಳಿಸಿ.

ಮೆಗ್ಲಿಸಾಲ್ಪ್ ಬೇಕೇ ಬೇಕೆಂದಾದರೆ ಅದಕ್ಕೆ ಇನ್ನೊಂದು ದಿನ ಕೊಡಿ, ಸಾಧ್ಯವಾದರೆ ಅಲ್ಲಿನ ಅತಿಥಿಗೃಹದಲ್ಲೇ ರಾತ್ರಿ ಉಳಿಯಿರಿ. ಒಂದೇ ದಿನವಿದ್ದು, ತಂದೆತಾಯಿಯೂ ಜೊತೆಗಿದ್ದರೆ ನಾನು ವಿಲ್ಡ್‌ಕಿರ್ಖ್ಲಿಯನ್ನೇ ಆರಿಸುತ್ತೇನೆ. ಅಕ್ಟೋಬರ್‌ನಲ್ಲಿ ಹೋಗುವುದಾದರೆ ಹಗಲು ಕಡಿಮೆ, ನೆರಳಿನ ದಾರಿಗಳು ಮಧ್ಯಾಹ್ನವೂ ಒಣಗಿರುವುದಿಲ್ಲ, ತಂಗುಮನೆಗಳು ಋತು ಮುಗಿಸಿ ಬಾಗಿಲು ಹಾಕತೊಡಗುತ್ತವೆ. ಆಗ ಸರೋವರಕ್ಕೆ ಇಳಿಯುವ ಯೋಚನೆಯನ್ನೇ ಬಿಟ್ಟು, ಏಷರ್‌ವರೆಗೆ ಮಾತ್ರ ಹೋಗಿ ಬನ್ನಿ.