ಬೈಕಿನ ಆಯಿಲ್ ನಾವೇ ಬದಲಿಸೋದಾ, ಅಂಗಡಿಗೆ ಕೊಡೋದಾ?

ನಿಮ್ಮ ಪ್ರಶ್ನೆ ಇಷ್ಟು. ಹೊಸದಾಗಿ ಬೆಳಗಾವಿಗೆ ಬಂದಿದ್ದೀರಿ. ಮನೆಯಲ್ಲಿ ಒಂದು ಸ್ಪ್ಲೆಂಡರ್, ಒಂದು ವ್ಯಾಗನ್ ಆರ್ ಇದೆ. ಇಲ್ಲಿ ಆಯಿಲ್ ಅಂಗಡಿಯವರು ಬಾಗಿಲ ಮುಂದೆಯೇ ಹತ್ತು ನಿಮಿಷದಲ್ಲಿ ಬದಲಿಸಿ ಕಳಿಸುತ್ತಾರೆ. ಅಲ್ಲಿ ಮಾಡಿಸೋದು ಒಳ್ಳೆಯದಾ, ಮನೆಯಲ್ಲೇ ಮಾಡಿಕೊಂಡರೆ ದುಡ್ಡು ಉಳಿಯುತ್ತದಾ?

ದುಡ್ಡಿನ ಮಾತು ಮೊದಲು ಮುಗಿಸಿಬಿಡೋಣ. ಬೈಕಿನಲ್ಲಿ ಏನೂ ಉಳಿಯಲ್ಲ. ಆಯಿಲ್ ಡಬ್ಬಿ ಅವರ ಹತ್ತಿರವೇ ಕೊಂಡರೆ ಅಂಗಡಿ ಹುಡುಗ ಅಲ್ಲೇ ಬದಲಿಸಿ ಕೊಡುತ್ತಾನೆ. ಬಹಳ ಕಡೆ ಕೂಲಿ ಕೇಳಲ್ಲ. ಕೇಳಿದರೂ ಐವತ್ತು ನೂರರ ಮಾತು. ಅದೇ ಡಬ್ಬಿ ಮನೆಗೆ ತಂದರೂ ರೇಟು ಅದೇ. ಅದರ ಮೇಲೆ ಸ್ಪ್ಯಾನರ್ ಬೇಕು, ಟಬ್ ಬೇಕು, ಲಾಳಿಕೆ ಬೇಕು. ಲೆಕ್ಕ ಹಾಕಿದರೆ ಅಂಗಡಿಯೇ ಸಸ್ತಾ.

ಆದರೂ ಬೈಕಿನದ್ದು ನೀವೇ ಮಾಡಿ, ಕಾರಿನದ್ದು ಅಂಗಡಿಗೆ ಕೊಡಿ ಅಂತಲೇ ನಾನು ಹೇಳೋದು. ಕಾರಣ ಆಯಿಲ್ ಅಲ್ಲ, ಹಳೇ ಆಯಿಲ್ ಇಳಿಸೋದಕ್ಕೆ ಇಂಜಿನ್ ಕೆಳಗಿರುವ ಒಂದು ಬೋಲ್ಟು, ಡ್ರೇನ್ ಬೋಲ್ಟ್ ಅಂತಾರೆ.

ನಾನು ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಲೇತ್ ಕೆಲಸದವನು, ಮೆಕ್ಯಾನಿಕ್ ಅಲ್ಲ. ಗ್ಯಾರೇಜಿನವರ ಕೈ ಮೀರಿದ ಸಾಮಾನು ನಮ್ಮಲ್ಲಿಗೆ ಬರುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ಯಾರಾದರೂ ಒಬ್ಬ ಮೂರನೇ ರೈಲ್ವೆ ಗೇಟ್ ಕಡೆಯಿಂದ ಬೈಕ್ ತಳ್ಳಿಕೊಂಡು ಬಂದ ಅಂದರೆ ಅರ್ಧ ಸಲ ಕಥೆ ಒಂದೇ. "ಬೋಲ್ಟ್ ತಿರಗತೈತ್ರಿ, ಟೈಟ್ ಆಗವಲ್ದು." ಡ್ರೇನ್ ಬೋಲ್ಟು ಕೂರುವ ತೂತಿನ ಥ್ರೆಡ್, ಅಂದರೆ ಬೋಲ್ಟನ್ನು ಹಿಡಿಯುವ ತಿರುಪಿನ ಗೆರೆ, ಹೋಗಿರುತ್ತದೆ. ಬೋಲ್ಟು ಉಕ್ಕಿನದ್ದು, ಅದು ಕೂರುವ ಇಂಜಿನ್ ಕೇಸು ಅಲ್ಯೂಮಿನಿಯಂ. ಜಗಳ ಬಿದ್ದರೆ ಸೋಲೋದು ಅಲ್ಯೂಮಿನಿಯಂ. ಅದೂ ಒಂದೇ ದಿನದಲ್ಲಿ ಹೋಗಿರಲ್ಲ. ಪ್ರತಿ ಸಲ ಆಯಿಲ್ ಬದಲಿಸುವಾಗ ಯಾರೋ ಒಬ್ಬರು "ಸೋರಬಾರದು" ಅಂತ ಕಾಲು ಸುತ್ತು ಜಾಸ್ತಿ ಬಿಗಿದಿರುತ್ತಾರೆ. ಕೊನೆಗೆ ಬಿಗಿದವನ ಕೈಯಲ್ಲಿ ಅದು ಕಿತ್ತು ಬರುತ್ತದೆ, ಬೈಗುಳ ಅವನಿಗೆ.

ಇಂಥ ಬೈಕುಗಳ ಮ್ಯಾನ್ಯುಯಲ್‌ನಲ್ಲಿ ಆ ಬೋಲ್ಟಿಗೆ ಕೊಡುವ ಬಿಗಿ ಸುಮಾರು 25ರಿಂದ 30 ನ್ಯೂಟನ್ ಮೀಟರ್. ಇದನ್ನು ಕೈಯ ಲೆಕ್ಕಕ್ಕೆ ತರೋಣ. ಒಂದು ಗೇಣು ಉದ್ದದ ರಿಂಗ್ ಸ್ಪ್ಯಾನರ್ ಹಿಡಿದರೆ ಅದರ ತುದಿಯಲ್ಲಿ 12–14 ಕೆ.ಜಿ.ಯಷ್ಟು ಎಳೆತ. ಕೂತಲ್ಲೇ ಒಂದೇ ಕೈಯಲ್ಲಿ ಎಳೆದರೆ ಸಾಕಾಗುವಷ್ಟು. ಎದ್ದು ನಿಂತು ಮೈಭಾರ ಹಾಕೋದಾಗಲಿ, ಸ್ಪ್ಯಾನರಿಗೆ ಪೈಪ್ ತೂರಿಸೋದಾಗಲಿ ಬೇಕಿಲ್ಲ. ಎರಡು ಅಡಿ ಪೈಪ್ ಹಾಕಿದರೆ ಅದೇ ಎಳೆತಕ್ಕೆ ಎರಡೂವರೆ, ಮೂರು ಪಟ್ಟು ಬಿಗಿ ಆಗುತ್ತದೆ. ಗಾಳಿಯ ಒತ್ತಡದಲ್ಲಿ ಬೋಲ್ಟ್ ತಿರುಗಿಸುವ ಗನ್ ಇಟ್ಟುಕೊಂಡವರಂತೂ ಟರ್ ಅನ್ನಿಸಿ ಬಿಡುತ್ತಾರೆ. ಬಿಚ್ಚೋದಕ್ಕೆ ಅದು ಸರಿ. ಬಿಗಿಯೋದಕ್ಕೆ ಬೇಡ.

ಸೋರದಂತೆ ತಡೆಯೋದು ಬಿಗಿ ಅಲ್ಲ, ಬೋಲ್ಟಿನ ಕೆಳಗಿನ ವಾಷರ್. ತಾಮ್ರದ್ದೋ ಅಲ್ಯೂಮಿನಿಯಂದೋ ಇರುತ್ತದೆ. ಒಂದು ಸಲ ಬಿಗಿದಾಗ ಅದು ಜಜ್ಜಿ, ಎರಡೂ ಮುಖಕ್ಕೆ ಸರಿಯಾಗಿ ಕೂರುತ್ತದೆ. ಆಮೇಲೆ ಅದರ ಕೆಲಸ ಮುಗೀತು. ಹಳೆಯದನ್ನೇ ಮತ್ತೆ ಹಾಕಿದರೆ ಹನಿ ಹನಿ ಜಿನುಗುತ್ತದೆ. ಜಿನುಗಿತು ಅಂತ ಇನ್ನಷ್ಟು ಬಿಗಿಯುತ್ತಾರೆ. ಥ್ರೆಡ್ ಹೋಗೋದು ಹೀಗೆ. ಕೆಲವೇ ರೂಪಾಯಿಯ ವಾಷರ್ ಅದು, ಆದರೆ ಹತ್ತು ನಿಮಿಷದ ಅಂಗಡಿಯಲ್ಲಿ ಬದಲಿಸಿದ್ದನ್ನು ನಾನು ನೋಡಿದ್ದು ಕಡಿಮೆ.

ಥ್ರೆಡ್ ಹೋದರೆ ರಿಪೇರಿ ಇಲ್ಲದೇ ಇಲ್ಲ. ತೂತು ಸ್ವಲ್ಪ ದೊಡ್ಡದು ಮಾಡಿ, ಟ್ಯಾಪ್‌ನಿಂದ ಹೊಸ ಥ್ರೆಡ್ ಕೊರೆದು, ಒಳಗೆ ಹೆಲಿಕಾಯಿಲ್ ಅಂತ ಉಕ್ಕಿನ ಸುರುಳಿ ಕೂರಿಸುತ್ತೇವೆ. ಆಗ ಹಳೇ ಅಳತೆಯ ಬೋಲ್ಟೇ ಮತ್ತೆ ಹಿಡಿಯುತ್ತದೆ, ಮೊದಲಿಗಿಂತ ಗಟ್ಟಿ. ಕಷ್ಟ ಏನಂದರೆ ಅಲ್ಯೂಮಿನಿಯಂ ಪುಡಿ ಇಂಜಿನ್ ಒಳಗೆ ಬೀಳುತ್ತದೆ. ಅದಕ್ಕೆ ಟ್ಯಾಪಿನ ಸಂದುಗಳ ತುಂಬ ಗ್ರೀಸ್ ಮೆತ್ತಿಕೊಂಡು, ಅರ್ಧ ಸುತ್ತು ಹೊಡೆದು, ಹೊರಗೆ ತೆಗೆದು, ಒರೆಸಿ, ಮತ್ತೆ ಗ್ರೀಸ್ ಹಚ್ಚಿ ಮುಂದುವರಿಯಬೇಕು. ಕೊನೆಗೆ ಒಂದಿಷ್ಟು ಆಯಿಲ್ ಮೇಲಿಂದ ಸುರಿದು ತೊಳೆದು ಬಿಡಬೇಕು. ಅವಸರದಲ್ಲಿ ಆಗುವ ಕೆಲಸ ಅಲ್ಲ. ಅವಸರ ಇದ್ದವರು ಎಂ-ಸೀಲ್ ಮೆತ್ತಿ ಕಳಿಸಿದ್ದನ್ನೂ ನೋಡಿದ್ದೇನೆ.

ಅಂಗಡಿಯ ಹುಡುಗರು ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಅವರಿಗೆ ಹೊತ್ತಿಲ್ಲ, ಅಷ್ಟೇ. ಸಾಲಾಗಿ ಗಾಡಿ ನಿಂತಿರುತ್ತವೆ. ಆಯಿಲ್ ಪೂರ್ತಿ ಇಳಿಯಬೇಕಾದರೆ ಇಂಜಿನ್ ಬೆಚ್ಚಗಿರಬೇಕು, ಬೋಲ್ಟ್ ತೆಗೆದ ಮೇಲೆ ಹತ್ತು ನಿಮಿಷವಾದರೂ ಸುಮ್ನೆ ಬಿಡಬೇಕು. "ಇನ್ನೂ ಹನಿ ಬೀಳಾಕತ್ತಾವಲ್ಲಪಾ" ಅಂದರೆ "ಅಷ್ಟ ಇರ್ಲಿ ಬಿಡ್ರಿ, ಏನ್ ಆಗಂಗಿಲ್ಲ" ಅನ್ನುವ ಉತ್ತರ ಬರುತ್ತದೆ. ಆ ಉಳಿದ ಕರಿ ಆಯಿಲ್ ಮೇಲೆಯೇ ನಿಮ್ಮ ಹೊಸ ಆಯಿಲ್ ಬೀಳುತ್ತದೆ.

ಮನೆಯಲ್ಲಿ ಹೊತ್ತು ನಿಮ್ಮದು. ನಾಲ್ಕೈದು ನಿಮಿಷ ಗಾಡಿ ಸ್ಟಾರ್ಟ್ ಇಟ್ಟು ಬಂದ್ ಮಾಡಿ. ಸಪಾಟು ನೆಲದಲ್ಲಿ ದೊಡ್ಡ ಸ್ಟ್ಯಾಂಡ್ ಹಾಕಿ. ಮೊದಲು ಮೇಲಿನ ಡಿಪ್‌ಸ್ಟಿಕ್, ಅಂದರೆ ಆಯಿಲ್ ಅಳೆಯುವ ಕಡ್ಡಿ, ತೆಗೆಯಿರಿ. ಗಾಳಿ ಒಳಗೆ ಹೋದರೆ ಕೆಳಗೆ ಸಲೀಸಾಗಿ ಇಳಿಯುತ್ತದೆ. ಸ್ಪ್ಲೆಂಡರಿನ ಡ್ರೇನ್ ಬೋಲ್ಟಿಗೆ 17ರ ಸ್ಪ್ಯಾನರ್, ರಿಂಗಿನದ್ದೇ ತಗೊಳ್ಳಿ. ಬಾಯಿ ತೆರೆದ ಫಿಕ್ಸ್ ಸ್ಪ್ಯಾನರ್ ಜಾರಿದರೆ ಬೋಲ್ಟಿನ ಮೂಲೆ ಸವೆಯುತ್ತದೆ, ಗೆಣ್ಣೂ ಕೆತ್ತುತ್ತದೆ. ಸ್ವಲ್ಪ ಸಡಿಲ ಆದ ಮೇಲೆ ಬೆರಳಲ್ಲಿ ಒಳಕ್ಕೆ ಒತ್ತಿಕೊಂಡೇ ತಿರುಗಿಸಿ, ಕೊನೇ ಸುತ್ತಿಗೆ ಫಟ್ ಅಂತ ಕೈ ಪಕ್ಕಕ್ಕೆ ಎಳೆದುಕೊಳ್ಳಿ. ಪಕ್ಕದಲ್ಲೇ ಸೈಲೆನ್ಸರ್ ಬಿಸಿ ಇರುತ್ತದೆ, ಮುಂಗೈ ಜೋಪಾನ. ಗ್ಲೌಸ್ ಹಾಕಿಕೊಂಡರೆ ಒಳ್ಳೆಯದು. ಬಳಸಿದ ಆಯಿಲ್ ಚರ್ಮಕ್ಕೆ ಒಳ್ಳೆಯದಲ್ಲ.

ತೆಗೆದ ಬೋಲ್ಟನ್ನು ಬಿಸಿಲಿಗೆ ಹಿಡಿದು ಒಮ್ಮೆ ನೋಡಿ. ಬೂದಿಯಂಥ ನುಣ್ಣನೆ ಹೊಳಪು ಇದ್ದರೆ ಚಿಂತೆ ಬೇಡ, ಇಂಜಿನ್‌ನ ಮಾಮೂಲಿ ಸವೆತ ಅದು. ಉಗುರಿಗೆ ಸಿಗುವಂಥ ಚೂರು ಕಂಡರೆ ಮೆಕ್ಯಾನಿಕ್‌ಗೆ ತೋರಿಸಿ. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತ ಅರ್ಥ. ಜೂನ್‌ನಿಂದ ನಮ್ಮೂರ ಮಳೆ ಶುರುವಾದರೆ ಬಿಡಲ್ಲ. ದಿನಾ ಒಂದೆರಡು ಕಿಲೋಮೀಟರ್ ಮಾತ್ರ ಓಡಿಸಿ ನಿಲ್ಲಿಸುವ ಗಾಡಿಯಲ್ಲಿ ಇಂಜಿನ್ ಪೂರ್ತಿ ಬಿಸಿ ಆಗಲ್ಲ, ಒಳಗಿನ ತೇವ ಆರಲ್ಲ. ಅಂಥವರು ಕಿಲೋಮೀಟರ್ ಆಗುವ ತನಕ ಕಾಯದೆ ಮಳೆ ಮುಗಿದ ಮೇಲೆ ಒಮ್ಮೆ ಬದಲಿಸಿಬಿಡಬೇಕು.

ಹೊಸ ವಾಷರ್ ಹಾಕಿ ಬೋಲ್ಟ್ ಬಿಗಿದ ಮೇಲೆ ಹೊಸ ಆಯಿಲ್. ಇಡೀ ಲೀಟರ್ ಸುರಿಯಬೇಡಿ. ಹೀರೋದವರ ಡಬ್ಬಿಯೇ 900 ಮಿ.ಲೀ. ಇರುತ್ತದೆ. ಮ್ಯಾನ್ಯುಯಲ್‌ನಲ್ಲಿ ಎರಡು ಅಳತೆ ಕೊಟ್ಟಿರುತ್ತಾರೆ. ಇಂಜಿನ್ ಬಿಚ್ಚಿ ಜೋಡಿಸಿದಾಗ ಒಂದು, ಬರೀ ಆಯಿಲ್ ಬದಲಿಸಿದಾಗ ಒಂದು. ನಿಮಗೆ ಬೇಕಾದದ್ದು ಎರಡನೆಯದು, ಕಡಿಮೆ ಇರೋದು. ಡಿಪ್‌ಸ್ಟಿಕ್ ನೋಡುವಾಗ ಒರೆಸಿ ಒಳಗೆ ಬಿಡಿ, ತಿರುಗಿಸಿ ಕೂರಿಸಬೇಡಿ. ಕೂರಿಸಿ ತೆಗೆದರೆ ಗೆರೆ ಮೇಲೆ ತೋರಿಸುತ್ತದೆ, ಇಲ್ಲದ ಆಯಿಲ್ ಇದೆ ಅನ್ನಿಸುತ್ತದೆ. ಸ್ಪ್ಲೆಂಡರಿಗೆ ಕಾರಿನ ಥರ ಬಿಸಾಡುವ ಫಿಲ್ಟರ್ ಇಲ್ಲ. ಜಾಲರಿ ಇದೆ, ಅದು ಬಲಗಡೆಯ ಕ್ಲಚ್ ಕವರ್ ಬಿಚ್ಚಿದಾಗ ಸಿಗುವಂಥದ್ದು. ಅದನ್ನು ದೊಡ್ಡ ಸರ್ವಿಸ್ ಮಾಡಿಸುವಾಗ ತೊಳೆಸಿದರೆ ಸಾಕು.

ಯಾವ ಆಯಿಲ್ ಅನ್ನೋದಕ್ಕೆ ಕಂಪನಿ ಹೇಳಿದ್ದೇ ಉತ್ತರ. ಸ್ಪ್ಲೆಂಡರಿಗೆ 10ಡಬ್ಲ್ಯೂ-30, ಅದು ಆಯಿಲ್ ಎಷ್ಟು ದಪ್ಪ ಅನ್ನುವ ನಂಬರು. "ದಪ್ಪ ಹಾಕ್ರಿ, ಬಿಸಲಿಗೆ ಛಲೋ" ಅಂತ 20ಡಬ್ಲ್ಯೂ-40 ಕೈಗಿಡುವವರಿದ್ದಾರೆ. ಬೆಳಗಾವಿ ಅಂಥ ಬಿಸಿಲಿನ ಊರೇ ಅಲ್ಲ. ಇನ್ನೊಂದು, ಡಬ್ಬಿಯ ಮೇಲೆ ಜಾಸೋ (JASO, ಜಪಾನಿನ ಗುಣಮಟ್ಟದ ಗುರುತು) ಎಂಎ ಅಥವಾ ಎಂಎ2 ಅಂತ ಇರಬೇಕು. ಬೈಕಿನ ಕ್ಲಚ್ ಅದೇ ಆಯಿಲಿನಲ್ಲಿ ಮುಳುಗಿರುತ್ತದೆ. ಕಾರಿನ ಆಯಿಲ್ ಹಾಕಿದರೆ ಅದರ ಜಾರುವ ಗುಣಕ್ಕೆ ಕ್ಲಚ್ ಸ್ಲಿಪ್ ಆಗಬಹುದು. ಕಾರಿಗೆ ತಂದು ಉಳಿದಿದ್ದನ್ನು ಬೈಕಿಗೆ ಹಾಕುವ ಆಸೆ ಬೇಡ. ಗೇರಿಲ್ಲದ ಸ್ಕೂಟರಿಗೆ ಬೇರೆ, ಅಲ್ಲಿ ಕ್ಲಚ್ ಒಣಗಿರುತ್ತದೆ, ಎಂಬಿ ಅಂತ ಬರೆದದ್ದು ನಡೆಯುತ್ತದೆ.

ಲೂಸ್ ಆಯಿಲ್ ಬೇಡವೇ ಬೇಡ. ಖಾಲಿ ಡಬ್ಬಿಯನ್ನು ಅಂಗಡಿಯಲ್ಲಿ ಬಿಟ್ಟು ಬರಲೂ ಬೇಡಿ. ಸೀಲ್ ಒಡೆಯೋದು ನಿಮ್ಮ ಕಣ್ಣೆದುರೇ ಆಗಲಿ, ಖಾಲಿ ಆದ ಮೇಲೆ ಮೊಳೆಯಲ್ಲಿ ಒಂದು ತೂತು ಹೊಡೆದುಬಿಡಿ. ಒಳ್ಳೇ ಡಬ್ಬಿ ಎಲ್ಲೋ ಹೋಗಿ ಮತ್ತೆ ತುಂಬಿ ಬರುವ ದಂಧೆ ಇದೆ.

ಮನೆಯಲ್ಲಿ ಮಾಡೋದರ ನಿಜವಾದ ತಲೆನೋವು ಹಳೇ ಆಯಿಲ್. ಗಟಾರಕ್ಕೆ ಸುರಿಯೋದು ಖಂಡಿತ ಬೇಡ. ಶಹಾಪುರ, ವಡಗಾವಿ ಕಡೆಯ ಗಟಾರದ ನೀರು ನಮ್ಮೂರಲ್ಲೇ ಹರಿಯುವ ಬಳ್ಳಾರಿ ನಾಲಾ ಅನ್ನುವ ಹಳ್ಳಕ್ಕೆ ಹೋಗುತ್ತದೆ, ನಾಲಾ ಉಕ್ಕಿದರೆ ಪಕ್ಕದ ಭತ್ತ, ಕಾಯಿಪಲ್ಯೆ ಹೊಲಕ್ಕೇ ನುಗ್ಗುತ್ತದೆ. 2016ರ ಅಪಾಯಕಾರಿ ತ್ಯಾಜ್ಯದ ನಿಯಮದಲ್ಲಿ ಬಳಸಿದ ಆಯಿಲ್ ಕೂಡ ಬರುತ್ತದೆ, ಅದು ನೋಂದಾಯಿತ ಮರುಬಳಕೆ ಘಟಕಕ್ಕೆ ಸೇರಬೇಕು. ನೀವು ಮಾಡಬೇಕಾದ್ದು ಇಷ್ಟೇ. ಖಾಲಿ ಕ್ಯಾನಿನಲ್ಲಿ ತುಂಬಿ, ಬ್ಯಾರಲ್ ಇಟ್ಟುಕೊಂಡಿರುವ ಸರ್ವಿಸ್ ಸೆಂಟರಿಗೆ ಕೊಡಿ. ಸೆಂಟ್ರಿಂಗ್‌ನವರು ಹಲಗೆಗೆ ಹಚ್ಚೋದಕ್ಕೆ ಕೇಳಿಕೊಂಡು ಬರುತ್ತಾರೆ, ಕಾಂಕ್ರೀಟ್ ಅಂಟಬಾರದು ಅಂತ. ಅದು ಕೊನೆಗೆ ಮಳೆಯಲ್ಲಿ ತೊಳೆದು ಮಣ್ಣಿಗೇ ಹೋಗುತ್ತದೆ, ನಾನಂತೂ ಕೊಡಲ್ಲ. ಕ್ಯಾನ್ ತಗೊಂಡು ಓಡಾಡೋಕೆ ಆಗಲ್ಲ ಅನ್ನುವವರು ಬೈಕನ್ನೂ ಅಂಗಡಿಗೇ ಕೊಡೋದು ವಾಸಿ.

ಇನ್ನು ವ್ಯಾಗನ್ ಆರ್. ಇದನ್ನು ಮನೆಯಲ್ಲಿ ಬೇಡ ಅನ್ನೋದಕ್ಕೆ ದೊಡ್ಡ ಕಾರಣ, ಕಾರಿನ ಕೆಳಗೆ ಹೋಗಬೇಕು. ಗಾಡಿಯ ಜೊತೆ ಬರುವ ಜಾಕ್ ಇರೋದು ಟೈರ್ ಬದಲಿಸೋದಕ್ಕೆ. ಬರೀ ಅದರ ಮೇಲೆ ನಿಲ್ಲಿಸಿ ಕೆಳಗೆ ನುಗ್ಗಬೇಡಿ, ಯಾರು ಏನೇ ಹೇಳಲಿ. ಅಂಗಡಿಯಲ್ಲಿ ಲಿಫ್ಟ್ ಇರುತ್ತದೆ, ಇಲ್ಲ ಗುಂಡಿ ಇರುತ್ತದೆ. ಪೆಟ್ರೋಲ್ ಗಾಡಿಗೆ 10,000 ಕಿಲೋಮೀಟರ್ ಅಥವಾ ವರ್ಷ, ಯಾವುದು ಮೊದಲೋ ಅದು. ವರ್ಷಕ್ಕೊಂದು ಸಲದ ಕೆಲಸಕ್ಕೆ ಸ್ಟ್ಯಾಂಡು, ಫಿಲ್ಟರ್ ಪಾನಾ ಎಲ್ಲ ಕೊಂಡಿಟ್ಟು ಏನು ಮಾಡ್ತೀರಿ? ಗಾಡಿ ವಾರಂಟಿಯಲ್ಲಿದ್ದರೆ ಕಂಪನಿ ಸರ್ವಿಸ್ ಬಿಟ್ಟು ಬೇರೆಲ್ಲೂ ಹೋಗಬೇಡಿ.

ಆದರೆ ಅಂಗಡಿಗೆ ಕೊಟ್ಟು ಚಹಾ ಕುಡಿಯೋಕೆ ಹೋಗಬೇಡಿ, ಪಕ್ಕದಲ್ಲೇ ನಿಲ್ಲಿ. ಹೊಸ ವಾಷರ್, ಹೊಸ ಫಿಲ್ಟರ್ ಎರಡೂ ನಿಮ್ಮ ಜೇಬಿನಲ್ಲಿರಲಿ. ಹಳೇ ಫಿಲ್ಟರ್ ಬಿಚ್ಚಿದ ಮೇಲೆ ಅದರ ರಬ್ಬರ್ ರಿಂಗ್ ಫಿಲ್ಟರ್ ಜೊತೆಗೇ ಬಂತಾ ನೋಡಿ. ಕೆಲವು ಸಲ ಇಂಜಿನ್‌ಗೇ ಅಂಟಿಕೊಂಡಿರುತ್ತದೆ. ಅದರ ಮೇಲೆ ಹೊಸದು ಕೂರಿಸಿದರೆ ಎರಡು ರಿಂಗ್ ಆಗಿ, ಹೈವೇಯಲ್ಲಿ ಆಯಿಲ್ ಪೂರ್ತಿ ಸುರಿದುಹೋಗುತ್ತದೆ. ಹೊಸ ರಿಂಗಿಗೆ ಬೆರಳಲ್ಲಿ ಆಯಿಲ್ ಸವರಿ, ಕೈಯಿಂದಲೇ ಬಿಗಿಯಬೇಕು. ಮೂರೂವರೆ ಲೀಟರಿನ ಡಬ್ಬಿ ಅಂತ ಅಷ್ಟನ್ನೂ ಸುರಿಯಲು ಬಿಡಬೇಡಿ, ಜಾಸ್ತಿ ಆದರೆ ಒಳಗೆ ಕಡೆದು ನೊರೆ ಬರುತ್ತದೆ. ಮೂರು ಲೀಟರಿನ ಹತ್ತಿರ ಬಂದಾಗ ನಿಲ್ಲಿಸಿ, ಗೆರೆ ನೋಡಿಸಿ.

ಬೋಲ್ಟ್ ಬಿಗಿಯುವಾಗ "ತಮ್ಮಾ, ಕೈಲೇ ಹಿಡಿ, ಗನ್ ಬ್ಯಾಡ" ಅಂತ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳಲ್ಲ. ಬೆಳಿಗ್ಗೆ ಅಂಗಡಿ ತೆಗೆದ ಹೊತ್ತಿಗೆ ಹೋಗಿ. ಸಂಜೆ ಆಫೀಸ್ ಬಿಟ್ಟ ಮೇಲೆ ಹೋದರೆ ಹಿಂದೆ ನಾಲ್ಕು ಗಾಡಿ ಹಾರ್ನ್ ಹೊಡೆಯುತ್ತಿರುತ್ತವೆ, ನಿಮ್ಮ ಮಾತು ಯಾರಿಗೂ ಕೇಳಿಸಲ್ಲ.